ಕೋಳಿ ನೆಪದ ಬೇಸಿಗೆ

ಎರಡನೆಯ ಗೋಣಿಚೀಲವನ್ನು ಬಕೆಟ್ಟಿನಿಂದ ಎತ್ತಿ ಹಿಂಡುವಷ್ಟರಲ್ಲಿ ವಸಂತಿಯ ಸೀರೆಯ ನೆರಿಗೆಯೆಲ್ಲ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ಚೀಲದಿಂದ ನೀರು ಧಾರೆಯಾಗಿ ಸುರಿಯಬಾರದು, ಹಾಗಂತ ಬೇಗ ಒಣಗುವಷ್ಟು ಹಿಂಡಲೂಬಾರದು. ಆ ಹದ ಕೈಗೆ ಹತ್ತಲು ಕೆಲವು ದಿನ ಹಿಡಿದಿತ್ತು. ಚೀಲವನ್ನು ಗೂಡಿನ ಪಶ್ಚಿಮದ ಜಾಲರಿಗೆ ಇಳಿಬಿಟ್ಟು ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದಳು. ಬೇವಿನ ಮರದ ನೆರಳಿದ್ದ ಪೂರ್ವದ ಕಡೆಯನ್ನು ತೆರೆದೇ ಬಿಟ್ಟಳು. ನಾಲ್ಕೂ ಕಡೆ ಒದ್ದೆ ಚೀಲ ಕಟ್ಟಿದರೆ ಗೂಡು ಇಡ್ಲಿ ಪಾತ್ರೆಯಾಗುತ್ತದೆ ಎಂಬುದು ಮೊದಲ ದಿನವೇ ಗೊತ್ತಾಗಿತ್ತು. ಬಿಸಿಲು ಇನ್ನೂ ಕಾಂಪೌಂಡು ಹತ್ತಿರಲಿಲ್ಲ. ಆದರೂ ಗೋಡೆ ಮುಟ್ಟಿದರೆ ನಿನ್ನೆಯ ಬಿಸಿ ಅಂಗೈಗೆ ತಾಕುತ್ತಿತ್ತು.

ಗೂಡಿನೊಳಗಿಂದ ಮೂರು ಕೋಳಿಗಳು ಕುತ್ತಿಗೆ ಓರೆ ಮಾಡಿ ಅವಳ ಕೆಲಸವನ್ನು ಪರೀಕ್ಷಿಸುತ್ತಿದ್ದವು. ಗುಲಾಬೋ, ಹಸಿರಿ, ಕೇಸರಿ. ಹೆಸರು ಕೇಳಿ ಬಣ್ಣ ಹುಡುಕಿದವರಿಗೆ ನಿರಾಸೆಯೇ ಗತಿ, ಏಕೆಂದರೆ ಮೂರೂ ಈಗ ಬಿಳಿಯ ಮೇಲೆ ಕಂದು ಚೆಲ್ಲಿದ ಹಾಗಿದ್ದವು. ಎರಡು ವರ್ಷದ ಹಿಂದೆ ಮಗಳು ಇಂಚರಾ ದೆಹಲಿಯ ಕರೋಲ್ ಬಾಗ್ ಮೆಟ್ರೋ ಮೆಟ್ಟಿಲ ಬಳಿ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ ಬಣ್ಣ ಹಚ್ಚಿದ ಮರಿಗಳನ್ನು ಕಂಡು, ಪಾಪ ಅನ್ನಿಸಿ, ದುಪಟ್ಟಾದಲ್ಲಿ ಸುತ್ತಿಕೊಂಡು ತಂದಿದ್ದಳು. ಆಗ ನೀಲಿಯದೂ ಒಂದಿತ್ತು. ಅದು ಹುಂಜವಾಗಿ ಬೆಳೆದು ಬೆಳಗಿನ ಜಾವಕ್ಕೇ ಇಡೀ ಸರ್ಕಾರಿ ಕಾಲೊನಿಯನ್ನು ಎಬ್ಬಿಸತೊಡಗಿದಾಗ ನಜಫ್‌ಗಢದ ಕಡೆಯ ಒಂದು ತೋಟಕ್ಕೆ ವರ್ಗವಾಗಿ ಹೋಯಿತು. ಹೋದ ವರ್ಷದ ಜುಲೈಯಲ್ಲಿ ಇಂಚರಾಗೆ ಹೌಜ್ ಖಾಸ್‌ನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿ ಅವಳು ಹಾಸ್ಟೆಲು ಸೇರಿದಳು. ಕೋಳಿಗಳು ಅಮ್ಮನಿಗೆ ಉಳಿದವು.

ದಾವಣಗೆರೆ ಕಡೆಯ ಲಿಂಗಾಯತರ ಮನೆ ಅದು. ಮೊಟ್ಟೆ ಹಾಕಿದ ಕೇಕನ್ನೂ ಮನೆಯೊಳಗೆ ತರುತ್ತಿರಲಿಲ್ಲ. ಹಾಗಾಗಿ ಈ ಕೋಳಿಗಳು ಇಟ್ಟ ಮೊಟ್ಟೆಯೆಲ್ಲ ಮೇಲಿನ ಮನೆಯ ಲೀಲಮ್ಮನಿಗೆ ಹೋಗುತ್ತಿತ್ತು. ಲೀಲಮ್ಮ ಮಂಡ್ಯದವರು, ಮಗ ಮುರಳೀಧರನ ಜೊತೆಗಿದ್ದರು. ಅವರು ಬಾಲ್ಕನಿಯಿಂದ ತರಕಾರಿ ಭಯ್ಯಾನಿಗೆ ಇಳಿಬಿಡುವ ಹಗ್ಗದ ಬುಟ್ಟಿಯನ್ನೇ ಹಿತ್ತಲಿಗೂ ಇಳಿಸುತ್ತಿದ್ದರು. ವಸಂತಿ ಮೊಟ್ಟೆಯನ್ನು ಕೈಯಿಂದ ಮುಟ್ಟದೆ ಹಳೆಯ ಸೌಟಿನಲ್ಲಿ ಎತ್ತಿ ಬುಟ್ಟಿಗೆ ಇಳಿಸುತ್ತಿದ್ದಳು. ಕೋಳಿಗಳನ್ನಂತೂ ಮುಟ್ಟಿಯೇ ಇರಲಿಲ್ಲ. ಸಂಜೆ ಗೂಡಿಗೆ ಸೇರಿಸಬೇಕಾದರೆ ಪೊರಕೆಯೇ ಸಾಕಿತ್ತು. ಎತ್ತುವುದು, ಮುದ್ದಿಸುವುದು ಎಲ್ಲ ಭಾನುವಾರ ಬರುವ ಇಂಚರಾಳ ಪಾಲಿನದು.

ಇಂಥ ವಸಂತಿ ಕೋಳಿಗಳಿಗೋಸ್ಕರ ಊರಿಗೇ ಹೋಗದೆ ಉಳಿದುಬಿಟ್ಟಳು ಅಂದಾಗ ದಾವಣಗೆರೆಯಲ್ಲಿ ಯಾರೂ ನಂಬಲಿಲ್ಲ. ನಂಬದವರೇ ಸರಿ.

ಪ್ರತಿ ಮೇ ತಿಂಗಳು ಗಂಡ ಇಂದುಶೇಖರ ರಜೆ ಹಾಕುತ್ತಿದ್ದ. ಕೇಂದ್ರ ಸಚಿವಾಲಯದ ಕಡತಗಳನ್ನು ಬೀರುವಿನಲ್ಲಿಟ್ಟು, ಇಬ್ಬರೂ ರೈಲು ಹತ್ತಿ ದಾವಣಗೆರೆಯಲ್ಲಿ ಅವನ ತಾಯಿಯಿರುವ ಅಣ್ಣನ ಮನೆಗೆ ಹೋಗುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಅಲ್ಲಿಗೆ ಬಂದು ಸೇರುವರು. ಇಂದುಶೇಖರ ಪಂಚೆ ಉಟ್ಟು ಜಗುಲಿಯ ಮೇಲೆ ಕೂತನೆಂದರೆ ಅವನ ರಜೆ ಶುರು. ವಸಂತಿ ಚಪ್ಪಲಿ ಬಿಟ್ಟು ಒಳಗೆ ಹೋದಳೆಂದರೆ ಅವಳ ನೌಕರಿ ಶುರು. ಬೆಳಗ್ಗೆ ತಿಂಡಿ, ಮಧ್ಯಾಹ್ನ ರೊಟ್ಟಿ, ಎರಡು ಥರದ ಪಲ್ಯ, ಸಂಜೆಗೆ ಮಂಡಕ್ಕಿ, ಮಿರ್ಚಿ. ಈ ನಡುವೆ ಮಾಳಿಗೆಯ ಮೇಲೆ ವರ್ಷಕ್ಕಾಗುವ ಹಪ್ಪಳ, ಸಂಡಿಗೆ. ವಾರಗಿತ್ತಿ ಪದ್ಮಾ ಕೆಟ್ಟವಳಲ್ಲ. ಅವಳೂ ಪಕ್ಕದಲ್ಲೇ ಬೆವರು ಸುರಿಸುವವಳೇ. ಯಾರೂ ಕೆಟ್ಟವರಲ್ಲದ್ದರಿಂದಲೇ ದೂರು ಹೇಳಲು ಏನೂ ಇರಲಿಲ್ಲ. ದೆಹಲಿಗೆ ಮರಳಿದ ಮೇಲೆ ಅಕ್ಕಪಕ್ಕದವರು ರಜೆ ಹೇಗಾಯಿತು ಎಂದು ಕೇಳಿದಾಗ, ಚೆನ್ನಾಗಾಯಿತು ಅನ್ನುತ್ತಿದ್ದಳು.

ಈ ವರ್ಷ ಏಪ್ರಿಲ್ ತಿಂಗಳಲ್ಲೇ ಪಾದರಸ ನಲವತ್ತಮೂರಕ್ಕೆ ಏರಿ ಕೂತಿತು. ಟಿಕೆಟ್ ಮಾಡಿಸುವ ಹೊತ್ತಿಗೆ ವಸಂತಿಯ ಬಾಯಿಂದ ಒಂದು ಮಾತು ಜಾರಿತು. ಈ ಸೆಖೆಯಲ್ಲಿ ಕೋಳಿಗಳನ್ನು ಯಾರು ನೋಡಿಕೊಳ್ಳುತ್ತಾರೆ, ನಾನು ಈ ಸಲ ಇಲ್ಲೇ ಇರುತ್ತೇನೆ. ಆಡಿದ ಮೇಲೆ ತನ್ನ ಮಾತಿಗೆ ತಾನೇ ಬೆರಗಾದಳು. ಇಂದುಶೇಖರ ಕನ್ನಡಕ ಮೇಲೆತ್ತಿ ನೋಡಿದ. ಜಗಳವಾಡುವ ಮನುಷ್ಯನಲ್ಲ ಅವನು.

"ಅಚ್ಛಾ, ಸ್ವಲ್ಪ ದಿನ ನೋಡು," ಅಂದ. "ಆ ಕೋಳಿಗಳು ತಡಕೊಳ್ಳಲ್ಲ ಅನ್ನಿಸಿದರೆ, ಇಲ್ಲಾ ಅವಕ್ಕೆ ಏನಾದರೂ ಆದರೆ, ಮುರಳೀಧರನಿಗೆ ಹೇಳು. ತತ್ಕಾಲ್‌ನಲ್ಲಿ ಟಿಕೆಟ್ ಮಾಡಿಕೊಡ್ತಾನೆ. ಬಂದುಬಿಡು."

ಅಂದರೆ ಲೆಕ್ಕ ಸರಳ. ಕೋಳಿ ಬದುಕಿದರೆ ಮೇ ತಿಂಗಳು ಅವಳದು. ಕೋಳಿ ಸತ್ತರೆ ಸಂಡಿಗೆ.

ಪದ್ಮಾ ಫೋನಿನಲ್ಲಿ ನಕ್ಕಳು. "ಅಲ್ಲವೇ ವಸಂತಿ, ಕೋಳಿ ಕಾಯೋದಕ್ಕೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳೇ ಬೇಕಾಗಿತ್ತಾ?"

ಇಂದುಶೇಖರ ಹೊರಟ ಮೇಲೆ ವಸಂತಿ ಜೀವ ತೇಯ್ದು ಆ ಕೋಳಿಗಳ ಸೇವೆಗೆ ನಿಂತಳು. ನಲ್ಲಿಯಲ್ಲಿ ಮಧ್ಯಾಹ್ನ ಬರುವುದು ತಾರಸಿಯ ಟ್ಯಾಂಕಿನ ಕುದಿನೀರು. ಅದಕ್ಕೇ ಬೆಳಗ್ಗೆಯೇ ಬಕೆಟ್ಟುಗಳಲ್ಲಿ ನೀರು ತುಂಬಿ ಬಚ್ಚಲಿನಲ್ಲಿಟ್ಟುಕೊಂಡಳು. ಕುಂಬಾರನ ಹತ್ತಿರ ಅಗಲ ಬಾಯಿಯ ಮಣ್ಣಿನ ತಟ್ಟೆಗಳನ್ನು ತಂದಳು. ಹೊತ್ತೇರಿದ ಮೇಲೆ ಲೀಲಮ್ಮನ ಬುಟ್ಟಿಯಲ್ಲಿ ಫ್ರಿಜ್ಜಿನ ಐಸು ಇಳಿಯುತ್ತಿತ್ತು. ಅದನ್ನು ತಟ್ಟೆಗೆ ಹಾಕಿದರೆ ಹಸಿರಿ ಮೊದಲು ಹೆದರಿ ಓಡಿ, ಆಮೇಲೆ ಬಂದು ಕೊಕ್ಕಿನಿಂದ ಕುಟ್ಟುತ್ತಿತ್ತು. ನೆಲದ ಒಂದು ಮೂಲೆಗೆ ನೀರು ಹಾಕಿ ಮಣ್ಣು ಸಡಿಲಿಸಿದ್ದಳು. ಮೂರೂ ಅಲ್ಲಿ ಕುಣಿ ತೋಡಿಕೊಂಡು ಹೊಟ್ಟೆ ಒತ್ತಿ ಮಲಗುತ್ತಿದ್ದವು.

"ಇಷ್ಟೆಲ್ಲ ಮಾಡಿನೂ ಸೊರಗಿದರೆ ನನಗೆ ಕೊಟ್ಟುಬಿಡು," ಅಂತ ಲೀಲಮ್ಮ ಮೇಲಿನಿಂದಲೇ ಛೇಡಿಸುವರು. "ಸಾರು ಮಾಡೋದು ನನಗೆ ಬಿಟ್ಟುಬಿಡು. ಕೋಳಿ ಪಾಪ, ನಿನ್ನ ಪಾಪ ಎರಡನ್ನೂ ನಾನು ಹೊತ್ಕೋತೀನಿ."

ತಂಪಿನ ವಿಷಯದಲ್ಲಿ ಮಾತ್ರ ಮಂಡ್ಯಕ್ಕೂ ದಾವಣಗೆರೆಗೂ ಒಂದೇ ಮಾತು. ಮೈಗೆ ತಂಪೆಂದರೆ ರಾಗಿ. ಲೀಲಮ್ಮ ಊರಿನಿಂದ ತಂದ ರಾಗಿಹಿಟ್ಟನ್ನು ಬುಟ್ಟಿಯಲ್ಲಿ ಇಳಿಸಿದರು. ವಸಂತಿ ಅದನ್ನು ಅಂಬಲಿ ಕಾಸಿ, ಆರಿಸಿ, ನೀರುಮಜ್ಜಿಗೆ ಬೆರೆಸಿದಳು. ಉಪ್ಪು ಹಾಕಬೇಕೋ ಬೇಡವೋ ಎಂದು ಇಬ್ಬರೂ ಚರ್ಚಿಸಿ, ಬೇಡ ಎಂದು ತೀರ್ಮಾನಿಸಿದರು. ಒಗ್ಗರಣೆಯಂತೂ ಬೇಡವೇ ಬೇಡ. ಮನುಷ್ಯರು ಉಣ್ಣುವ ಹೊತ್ತಿಗೆ ಸರಿಯಾಗಿ, ಬಿಸಿಲು ನೆತ್ತಿಗೇರಿದಾಗ, ಅದನ್ನು ಗೂಡಿನ ಮುಂದಿಟ್ಟಳು. ಗುಲಾಬೋ ಕುತ್ತಿಗೆಯವರೆಗೂ ಅಂಬಲಿ ಬಳಿದುಕೊಂಡು ತಿಂದಿತು. ಹಸಿರಿ ಪೈಪೋಟಿಗೆ ಬಿತ್ತು. ಕೇಸರಿ ಮಾತ್ರ ಅದೇಕೋ ಕಾವು ಕೂರುವ ಹಟ ಹಿಡಿದು ಮೂಲೆ ಬಿಟ್ಟು ಏಳಲಿಲ್ಲ. ತಟ್ಟೆ ತೊಳೆದಿಡುವಾಗ ವಸಂತಿಗೆ, ಹಸಿದವರಿಗೆ ಬಡಿಸಿ ಮುಗಿಸಿದಾಗ ಆಗುವ ಆ ಹಳೆಯ ತೃಪ್ತಿಯೇ ಆಯಿತು.

ಅರ್ಧ ಗಂಟೆ ಕಳೆದಿರಬೇಕು. ಕಿಟಕಿಯಿಂದ ನೋಡಿದರೆ ಗುಲಾಬೋ ಮಗ್ಗುಲಾಗಿ ಬಿದ್ದಿತ್ತು. ರೆಕ್ಕೆಗಳು ಮೈಗೆ ಸಂಬಂಧವಿಲ್ಲದಂತೆ ಹರಡಿಕೊಂಡಿದ್ದವು. ಕೊಕ್ಕು ತೆರೆದಿತ್ತು, ಗಂಟಲು ಪಟಪಟ ಹೊಡೆದುಕೊಳ್ಳುತ್ತಿತ್ತು, ಜುಟ್ಟಿನ ಕೆಂಪು ಕಪ್ಪಾಗುತ್ತಿತ್ತು.

ವಸಂತಿ ಬರಿಗಾಲಲ್ಲೇ ಹಿತ್ತಲಿಗೆ ಓಡಿದಳು. ನೆಲದ ಕಲ್ಲು ಸುಟ್ಟಿತು. ಪೊರಕೆಗಾಗಿ ಕೈ ಒಂದು ಗಳಿಗೆ ಗೋಡೆಯ ಕಡೆ ಹೋಯಿತು. ಬಿದ್ದ ಜೀವವನ್ನು ಪೊರಕೆಯಿಂದ ಎಬ್ಬಿಸುವುದು ಹೇಗೆ? ಬಗ್ಗಿ ಎರಡೂ ಕೈಯಿಂದ ಎತ್ತಿಕೊಂಡಳು. ಕೋಳಿ ಅಷ್ಟು ಹಗುರವಾಗಿರುತ್ತದೆ, ಅಷ್ಟು ಬಿಸಿಯಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗರಿಯ ಕೆಳಗೆ ಮೈ ಆಗತಾನೆ ಬೇಯಿಸಿದ ಹೋಳಿಗೆಯ ಹಾಗೆ ಸುಡುತ್ತಿತ್ತು, ಮತ್ತು ಅದರೊಳಗೆ ಎದೆ ಎಣಿಸಲಾಗದಷ್ಟು ವೇಗದಲ್ಲಿ ಹೊಡೆದುಕೊಳ್ಳುತ್ತಿತ್ತು. ಆ ಹೊಡೆತ ಅವಳ ಬೆರಳುಗಳಿಗೆ ಬಂತು.

ಬಚ್ಚಲಿಗೆ ಒಯ್ದು ಬಕೆಟ್ಟಿನ ನೀರಿನಲ್ಲಿ ಅದರ ಕಾಲುಗಳನ್ನು ಇಳಿಸಿ ಹಿಡಿದಳು. ರೆಕ್ಕೆಯ ಕೆಳಗೆ ಒದ್ದೆ ಕೈ ಆಡಿಸಿದಳು. ಕೊಕ್ಕಿಗೆ ಬೆರಳ ತುದಿಯಿಂದ ಹನಿ ಹನಿ ನೀರು ಇಟ್ಟಳು. ಹಸಿರಿಯೂ ತೂರಾಡುತ್ತಿರುವುದು ಕಂಡು ಅದನ್ನೂ ತಂದಳು. ಆಮೇಲೆ ಮನೆಯಲ್ಲಿ ಎಲ್ಲಕ್ಕಿಂತ ತಂಪಾಗಿದ್ದ ಜಾಗದಲ್ಲಿ, ಕೂಲರಿನ ಎದುರಿಗೆ, ದೇವರ ಗೂಡಿನ ಕೆಳಗೆ ಹಳೆಯ ಚಾಪೆ ಹಾಸಿ, ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಸೀರೆಯ ತುಂಬ ಅಂಬಲಿ, ಗರಿ, ಇನ್ನೂ ಏನೇನೋ. ದೇವರೇ, ಇವು ಹೋದರೆ ನಾನೂ ಹೊರಡಬೇಕಾಗುತ್ತದೆ, ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಮರುಕ್ಷಣ ಗುಲಾಬೋ ಕಣ್ಣು ಮುಚ್ಚಿತು. ಆಗ ರೈಲು, ಸಂಡಿಗೆ ಯಾವುದೂ ನೆನಪಿಗೆ ಬರಲಿಲ್ಲ. ಹೋಗಬೇಡವೇ, ಹೋಗಬೇಡ, ಅಂತ ಅದರ ಬೆನ್ನು ಸವರುತ್ತಲೇ ಇದ್ದಳು.

ಅಷ್ಟರಲ್ಲಿ ದಾವಣಗೆರೆಯಿಂದ ವಿಡಿಯೋ ಕಾಲ್ ಬಂತು. ಕಟ್ ಮಾಡಲು ಹೋಗಿ ಒದ್ದೆ ಬೆರಳಿನಿಂದ ಎತ್ತಿಯೇಬಿಟ್ಟಳು. ತೆರೆಯ ತುಂಬ ಅತ್ತೆಯವರ ಮುಖ. ವಸಂತಿ ಫೋನನ್ನು ಚಾವಣಿಯ ಕಡೆ ತಿರುಗಿಸಿದಳು. ಅತ್ತೆಯವರು ಫ್ಯಾನನ್ನು, ಅಂಚಿನಲ್ಲಿ ಕಂಡ ದೇವರ ಗಂಟೆಯನ್ನು ನೋಡುತ್ತ ಸಾಬೂದಾನಿ ಎಷ್ಟು ನೆನೆಹಾಕಬೇಕೆಂದು ಕೇಳಿದರು. ಸೊಸೆ ಅಳತೆ ಹೇಳಿದಳು. ಆ ಹೊತ್ತಿಗೇ ಹಸಿರಿಗೆ ಜೀವ ಬಂದು ಗಂಟಲು ಸರಿಮಾಡಿಕೊಂಡಿತು.

"ಅದೇನೇ ಅದು, ದೇವರ ಗಂಟೆಯ ಹತ್ತಿರ ಕೊಕ್ಕೊಕ್ಕೋ ಅಂತಿದೆ?"

"ಕೂಲರು ಅತ್ತೆ, ಹಳೇದಾಗಿದೆ," ಅಂದಳು ವಸಂತಿ.

"ಎಣ್ಣೆ ಬಿಡಿಸು," ಎಂದು ಅತ್ತೆಯವರು ಫೋನಿಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಗುಲಾಬೋ ಎದ್ದು ನಿಂತಿತು. ಎರಡು ಹೆಜ್ಜೆ ಇಟ್ಟು, ದೇವರ ಗೂಡಿನ ಕೆಳಗೆ ಬಿದ್ದಿದ್ದ ಅಕ್ಷತೆಯ ಕಾಳನ್ನು ಹೆಕ್ಕಿ ತಿಂದಿತು. ವಸಂತಿ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಆಮೇಲೆ ಯೋಚಿಸುತ್ತ ಕೂತಳು. ಅದೇ ಗೂಡು, ಅದೇ ಬಿಸಿಲು. ಅಷ್ಟಾಗಿಯೂ ಕೇಸರಿಗೆ ಏನೂ ಆಗಿರಲಿಲ್ಲ. ಕಾವು ಕೂತು ಉಪವಾಸವಿದ್ದ ಕೇಸರಿ! ಹೆಚ್ಚು ತಿಂದ ಗುಲಾಬೋ ಹೆಚ್ಚು ಬಳಲಿತ್ತು, ಅದಕ್ಕಿಂತ ಕಡಿಮೆ ತಿಂದ ಹಸಿರಿ ಅದಕ್ಕಿಂತ ಕಡಿಮೆ. ತಂಪಿನದ್ದೇ ಇರಲಿ, ಬಿಸಿಯದ್ದೇ ಇರಲಿ, ಹೊಟ್ಟೆಗೆ ಬಿದ್ದದ್ದನ್ನು ಅರಗಿಸಲು ಮೈ ಒಲೆ ಹಚ್ಚಲೇಬೇಕಲ್ಲ. ಬೆವರಲೂ ಬಾರದ ಆ ಪುಟ್ಟ ಮೈಯೊಳಗೆ, ನಡುಮಧ್ಯಾಹ್ನ, ತಾನೇ ಕೈಯಾರೆ ಒಲೆ ಹಚ್ಚಿಸಿದ್ದಳು. ಭಾನುವಾರ ಬಂದ ಇಂಚರಾಗೆ ಇದನ್ನು ಹೇಳಿದಾಗ ಅವಳು ಫೋನಿನಲ್ಲಿ ಏನೇನೋ ಓದಿ, "ಹಾಂ ಅಮ್ಮಾ, ಬಿಲ್ಕುಲ್ ಸಹೀ. ಊಟ ಮಾಡಿದರೆ ಅವುಗಳ ಬಾಡಿ ಹೀಟ್ ಜಾಸ್ತಿ ಆಗುತ್ತೆ. ನಿನಗೆ ಯಾರು ಹೇಳಿದ್ದು?" ಅಂದಳು. ಕೇಸರಿ ಹೇಳಿತು, ಅಂದಳು ವಸಂತಿ. ಇಂಚರಾ ಅಮ್ಮನ ತೊಡೆಯ ಮೇಲೆ ತಾನಾಗಿ ಹತ್ತಿ ಕೂತಿದ್ದ ಗುಲಾಬೋವನ್ನು ನೋಡಿ, ಕೋಳಿ ತನ್ನದೋ ಅಮ್ಮನದೋ ಎಂದು ಹುಸಿಮುನಿಸು ತೋರಿಸಿದಳು.

ಅಲ್ಲಿಂದ ಮುಂದೆ ಹಿತ್ತಲಿನ ಕಾನೂನು ಬದಲಾಯಿತು. ಕಾಳು, ಅಂಬಲಿ ಏನಿದ್ದರೂ ಸೂರ್ಯ ಹುಟ್ಟುವ ಮೊದಲು, ಇಲ್ಲವೇ ಮುಳುಗಿದ ಮೇಲೆ. ಬಿಸಿಲೇರಿದರೆ ನೀರು ಮಾತ್ರ. ತೀರಾ ಬೇಸರಪಟ್ಟರೆ ಕಲ್ಲಂಗಡಿಯ ಒಂದು ಚೂರು. ಕೋಳಿಗಳು ಮೊದಲೆರಡು ದಿನ ಗೂಡಿನ ಬಾಗಿಲಲ್ಲಿ ನಿಂತು ಪ್ರತಿಭಟಿಸಿದವು. ಆಮೇಲೆ ಒಪ್ಪಿಕೊಂಡು, ಮಧ್ಯಾಹ್ನವಿಡೀ ಒದ್ದೆ ಮಣ್ಣಿನಲ್ಲಿ ಹೊಟ್ಟೆ ಇಟ್ಟು, ಕಣ್ಣು ಅರೆಮುಚ್ಚಿ, ಯಾರ ಹಂಗೂ ಇಲ್ಲದ ಯಜಮಾನಿಯರಂತೆ ಬಿದ್ದಿರತೊಡಗಿದವು.

ಅವನ್ನು ನೋಡಿ ನೋಡಿ ವಸಂತಿಯೂ ಹಾಗೇ ಆದಳು. ಕೋಳಿಗಳ ಜೊತೆ ಬೆಳಗ್ಗೆ ಬೇಗ ಉಂಡುಬಿಡುವಳು. ಕಿಟಕಿಗಳ ಪರದೆ ಎಳೆದು, ಕೂಲರಿನ ಎದುರು ಬರಿ ನೆಲದ ಮೇಲೆ ಮಲಗುವಳು. ಮಧ್ಯಾಹ್ನದ ಅಡುಗೆ ಎಂಬುದೇ ಇಲ್ಲ. ಹೊರಗೆ ಲೂ ಎನ್ನುವ ಉರಿಗಾಳಿ ಬಾಗಿಲು ತಟ್ಟುತ್ತಿರುತ್ತಿತ್ತು. ಒಳಗೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮೊದಮೊದಲು ಅದೊಂದು ಅಪರಾಧವೆನಿಸಿ ನಡುನಡುವೆ ಎದ್ದು ಕೂರುತ್ತಿದ್ದಳು. ಯಾರಿಗೋ ಬಡಿಸುವುದು ಮರೆತೆನೇನೋ ಎಂಬ ದಿಗಿಲು. ಆಮೇಲೆ ಅದೂ ಹೋಯಿತು. ಹದಿನಾರರ ಹುಡುಗಿಯಾಗಿದ್ದಾಗ ಬೇಸಿಗೆ ರಜೆಯಲ್ಲಿ ಅಮ್ಮನ ಮನೆಯ ಕಡಪಾ ಕಲ್ಲಿನ ಮೇಲೆ ಹೀಗೇ ಮಲಗಿ ಏನನ್ನೂ ಯೋಚಿಸದೆ ಇರುತ್ತಿದ್ದದ್ದು ಅವಳ ಮೈಗೆ ನೆನಪಾಯಿತು. ಮನಸ್ಸಿಗಿಂತ ಮೊದಲು ಮೈಗೆ. ಇಷ್ಟು ವರ್ಷ ಎಲ್ಲಿ ಹೋಗಿದ್ದಳು ಆ ಹುಡುಗಿ ಎಂದು ಕೇಳಿಕೊಳ್ಳಲಿಲ್ಲ. ಬಂದಿದ್ದಾಳಲ್ಲ, ಮಲಗಲಿ ಅಂದುಕೊಂಡಳು.

ಹೀಗಿರುವಾಗ ಒಂದು ಸಂಜೆ ಲೀಲಮ್ಮ ಬುಟ್ಟಿ ಇಳಿಸುವ ಬದಲು ತಾವೇ ಇಳಿದು ಬಂದರು. ಗೂಡಿನ ಸುತ್ತ ಒಂದು ಸುತ್ತು ಹಾಕಿದರು. ಒದ್ದೆ ಚೀಲ ಮುಟ್ಟಿದರು, ನೀರಿನ ತಟ್ಟೆ ನೋಡಿದರು, ಮೆಚ್ಚಿ ತಲೆಯಾಡಿಸಿದರು. ಆಮೇಲೆ ತಾವು ಹೊತ್ತು ತಂದ ಸಿಹಿಸುದ್ದಿ ಹೇಳಿದರು. ಇಷ್ಟು ಚೆನ್ನಾಗಿ ಏರ್ಪಾಡು ಮಾಡಿಟ್ಟ ಮೇಲೆ ಯಾರು ಬೇಕಾದರೂ ನೋಡಿಕೊಳ್ಳಬಹುದು, ತಾವೇ ನೋಡಿಕೊಳ್ಳುತ್ತಾರೆ, ಸಾರಿನ ಮಾತೆಲ್ಲ ಬರಿ ತಮಾಷೆ. ಪಾಪ, ಎಲ್ಲರೂ ಊರಿನಲ್ಲಿ ಸೇರಿರುವಾಗ ವಸಂತಿ ಒಬ್ಬಳೇ ಇಲ್ಲಿ ಬೇಯುವುದೇಕೆ? ಮುರಳೀಧರ ಟಿಕೆಟ್ ನೋಡಿಟ್ಟಿದ್ದಾನೆ, ಇಂದುಶೇಖರನಿಗೂ ಫೋನಿನಲ್ಲಿ ಹೇಳಿಬಿಟ್ಟಿದ್ದಾನೆ.

ವಸಂತಿ ನಗಲು ಪ್ರಯತ್ನಪಟ್ಟಳು. ಕೋಳಿಗಳನ್ನು ಬದುಕಿಸಿಕೊಳ್ಳಲು ಅಷ್ಟು ಹೆಣಗಿದವಳಿಗೆ, ಅವು ಚೆನ್ನಾಗಿ ಬದುಕಿದರೂ ಅಪಾಯವೇ ಎಂಬುದು ಹೊಳೆದಿರಲಿಲ್ಲ.

ಲೀಲಮ್ಮ ಇನ್ನೂ ಅಲ್ಲೇ ನಿಂತಿರುವಾಗ ಗಂಡನ ಫೋನು ಬಂತು. ಹಿಂದೆ ಮಕ್ಕಳ ಗಲಾಟೆ, ಪಾತ್ರೆಯ ಸದ್ದು, ಯಾರೋ ಯಾರನ್ನೋ ಊಟಕ್ಕೆ ಕರೆಯುವುದು ಕೇಳಿಸಿತು.

"ಕೋಳಿ ಹೇಗಿವೆಯೇ?"

ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಗುಲಾಬೋ ಇನ್ನೂ ಚೇತರಿಸಿಕೊಂಡಿಲ್ಲ, ಬೇರೆಯವರ ಕೈಯಲ್ಲಿ ಬಿಡುವ ಹಾಗಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಗುಲಾಬೋ ಮಣ್ಣೆಲ್ಲ ಮೈಮೇಲೆ ಎರಚಿಕೊಂಡು ದುಂಡಗೆ ಕೂತಿತ್ತು. ಪಕ್ಕದಲ್ಲಿ ಲೀಲಮ್ಮ ಬೇರೆ ಇದ್ದರು. ಅದಕ್ಕಿಂತ ಹೆಚ್ಚಾಗಿ, ಒಳ್ಳೆಯ ಜೀವದ ಮೇಲೆ ಕಾಯಿಲೆ ಹೊರಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಚೆನ್ನಾಗಿವೆ," ಅಂದಳು.

"ಹಾಗಾದರೆ ಬರಬಹುದಲ್ಲ. ಲೀಲಮ್ಮನವರು ನೋಡ್ಕೋತಾರಂತೆ."

"ಹೌದು, ನೋಡ್ಕೋತಾರೆ. ನಾನು ಬರಲ್ಲ ರೀ."

"ಯಾಕೆ?"

"ಇಲ್ಲಿ ಚೆನ್ನಾಗಿದೆ."

ದೆಹಲಿಯ ಮೇ ತಿಂಗಳಿನ ಬಗ್ಗೆ ಹೀಗೆ ಹೇಳಿದವರನ್ನು ಇಂದುಶೇಖರ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಹುಷಾರಾಗಿದ್ದೀಯಾ ಎಂದು ಮೆಲ್ಲಗೆ ಕೇಳಿದ. ಹುಷಾರಾಗಿದ್ದೇನೆ, ಮಧ್ಯಾಹ್ನ ಮಲಗುತ್ತಿದ್ದೇನೆ, ಅಂದಳು. ಪದ್ಮಾ ಅತ್ತಿಗೆಗೆ ಏನು ಹೇಳಲಿ ಎಂದ. ಇದನ್ನೇ ಹೇಳಿ, ಅಂದಳು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಮೊದಲ ಸಲ ಲೆಕ್ಕ ಹಾಕುವವನ ತಡಕಾಟವಿತ್ತು. ಕೊನೆಗೆ, ತನ್ನ ಬಿಳಿ ಟವಲು ಯಾವ ಚೀಲದಲ್ಲಿದೆ ಎಂದು ಕೇಳಿದ. ಚಿಕ್ಕದರಲ್ಲಿ, ಕೆಳಗಡೆ, ಎಂದು ಹೇಳಿ ಫೋನಿಟ್ಟಳು.

ಲೀಲಮ್ಮ ಸೊಂಟದ ಮೇಲೆ ಕೈಯಿಟ್ಟು ಅವಳನ್ನೇ ನೋಡುತ್ತಿದ್ದರು.

"ಟಿಕೆಟ್ ಬೇಡ ಅನ್ನು."

"ಬೇಡ ಲೀಲಮ್ಮನವರೇ. ಮುರಳೀಧರನಿಗೆ ಸುಮ್ಮನೆ ತೊಂದರೆ ಕೊಟ್ಟೆ."

"ನಿದ್ದೆಯ ರುಚಿ ಹತ್ತಿದೆ ನಿನಗೆ," ಅಂದರು ಲೀಲಮ್ಮ. ಇನ್ನೇನನ್ನೂ ಕೇಳಲಿಲ್ಲ. ಮೆಟ್ಟಿಲು ಹತ್ತುತ್ತ, ನಾಳೆ ಐಸು ಸ್ವಲ್ಪ ಜಾಸ್ತಿ ಇಡುತ್ತೇನೆ, ನೀನೂ ಒಂದು ತಟ್ಟೆಯಲ್ಲಿ ಕಾಲಿಟ್ಟುಕೊಂಡು ಕೂರು, ಎಂದು ನಕ್ಕರು.

ಹೊತ್ತು ಮುಳುಗಿತ್ತು. ವಸಂತಿ ಕಾಳಿನ ಡಬ್ಬಿ ತಂದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಮೂರೂ ಅವಳ ಪಾದದ ಸುತ್ತ ನೆರೆದು ಕುಟ್ಟತೊಡಗಿದವು. ದಾವಣಗೆರೆಯ ಮನೆಯ ಮೇಲೆ ಅವಳಿಗೆ ಮುನಿಸೇನೂ ಇರಲಿಲ್ಲ. ಅಲ್ಲಿಯ ನಗು ಬೇಕು, ಪದ್ಮಾಳ ಕುಹಕ ಬೇಕು, ಅತ್ತೆಯವರ ಕೈ ಹಿಡಿದು ಸ್ವಲ್ಪ ಹೊತ್ತು ಕೂರುವುದೂ ಬೇಕು. ಇಷ್ಟು ವರ್ಷದಲ್ಲಿ ಅತ್ತೆಯವರ ಪಕ್ಕ ಸುಮ್ಮನೆ ಕೂತದ್ದು ಯಾವಾಗ ಎಂದು ನೆನೆದರೆ ಒಂದು ಸಲವೂ ಸಿಗಲಿಲ್ಲ. ಹೋಗಬೇಕು. ಆದರೆ ಜನವರಿಯಲ್ಲಿ, ದೆಹಲಿಯಲ್ಲಿ ಮಂಜು ಕವಿದಿರುವಾಗ, ಮಾಳಿಗೆಯ ಮೇಲೆ ಒಣಹಾಕುವಂಥದ್ದು ಏನೂ ಇಲ್ಲದಿರುವಾಗ, ಕೆಲವೇ ದಿನದ ಮಟ್ಟಿಗೆ, ಕೈಯಲ್ಲಿ ಹಣ್ಣು ಹಿಡಿದು ನೆಂಟರ ಹಾಗೆ ಹೋಗಿ ಜಗುಲಿಯ ಮೇಲೆ ಕೂರಬೇಕು. ಮೇ ತಿಂಗಳು ಮಾತ್ರ ಇನ್ನು ಮೇಲೆ ಇಲ್ಲೇ. ಮುಂದಿನ ವರ್ಷ ಕೋಳಿಗಳು ಇರಲಿ, ಇಲ್ಲದಿರಲಿ.

ಹಸಿರಿ ಗುಲಾಬೋವಿನ ಪಾಲಿಗೆ ಕೊಕ್ಕು ಹಾಕಿತು. ವಸಂತಿ ಅದನ್ನು ಎರಡೂ ಕೈಯಿಂದ ಎತ್ತಿ ಆಚೆ ಇಟ್ಟು, ಇನ್ನೊಂದು ಹಿಡಿ ಕಾಳು ಚೆಲ್ಲಿದಳು.